'ಜಿಗುಪ್ಸೆ' ಎಂದು ಬರೆದು ಮುಗಿಸುವ ಮುನ್ನ

ಪೊಲೀಸ್ ಠಾಣೆಯ ದಾಖಲೆಗಳಲ್ಲಿ ಒಂದು ಸಿದ್ಧ ಸಾಲಿದೆ: 'ಜೀವನದಲ್ಲಿ ಜಿಗುಪ್ಸೆಗೊಂಡು'. ಹತ್ತೊಂಬತ್ತರ ಹರೆಯದವನಿರಲಿ, ಎಪ್ಪತ್ತು ದಾಟಿದ ಮುದುಕನಿರಲಿ, ಸಾಲು ಬದಲಾಗುವುದಿಲ್ಲ. ಮರುದಿನ ಅದು ಪತ್ರಿಕೆಯ ಜಿಲ್ಲಾ ಪುಟಕ್ಕೆ ಬರುವ ಹೊತ್ತಿಗೆ ಜಿಗುಪ್ಸೆಯ ಜಾಗದಲ್ಲಿ ಒಂದು ಕಾರಣ ಬಂದು ಕೂತಿರುತ್ತದೆ. ಫೇಲಾದದ್ದಕ್ಕೆ, ಪ್ರೀತಿ ಮುರಿದದ್ದಕ್ಕೆ, ಮೊಬೈಲ್ ಕೊಡಿಸದ್ದಕ್ಕೆ, ಅಪ್ಪ ಬೈದದ್ದಕ್ಕೆ. ಶೀರ್ಷಿಕೆಯ ಕೊನೆಗೆ 'ಆತ್ಮಹತ್ಯೆಗೆ ಶರಣು'. ಮುರುಘೇಂದ್ರ ಶಿವಯೋಗಿಗಳ ಅಥಣಿಯಲ್ಲಿ 'ಶರಣು' ಎಂದರೆ ಕೈಮುಗಿಯುವಾಗ ಆಡುವ ಮಾತು, ಆಸರೆ ಕಂಡಾಗ ಬಾಯಿಗೆ ಬರುವ ಮಾತು. ಅದನ್ನು ಸಾವಿಗೆ ಅಂಟಿಸಿ, ಸಾವೂ ಒಂದು ಆಸರೆ ಎಂಬ ಹಾಗೆ ನಾವು ದಶಕಗಳಿಂದ ಬರೆಯುತ್ತ ಬಂದಿದ್ದೇವೆ. ಪದದ ಮಾತು ಪಕ್ಕಕ್ಕಿಟ್ಟರೂ ದೊಡ್ಡ ತೊಂದರೆ ಆ 'ಒಂದು ಕಾರಣ'ದ್ದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ಕಾಲೇಜು ಮಕ್ಕಳ ಮನಸ್ಸಿನೊಳಗೆ ಏನು ನಡೆಯುತ್ತದೆ ಎಂದು ತಿಳಿಯಬೇಕಾದರೆ ಮೊದಲು ಆ ಒಂದೇ ಕಾರಣದ ಚಟದಿಂದ ಹೊರಬರಬೇಕು.

ಅಂಕಿಗಳೇ ಆ ಚಟವನ್ನು ಸುಳ್ಳು ಮಾಡುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಅದೇ ವರದಿಯ ಕಾರಣಗಳ ಪಟ್ಟಿಯಲ್ಲಿ 'ಪರೀಕ್ಷೆಯಲ್ಲಿ ಅನುತ್ತೀರ್ಣ' ಎಂಬುದರ ಪಾಲು ಶೇ 1.2, ಅಂದರೆ ಸುಮಾರು ಎರಡು ಸಾವಿರ. ಆ ಎರಡು ಸಾವಿರವೂ ವಿದ್ಯಾರ್ಥಿಗಳೇ ಎಂದು ಹಿಡಿದರೂ, ತೀರಿಕೊಂಡ ವಿದ್ಯಾರ್ಥಿಗಳಲ್ಲಿ ಆರರಲ್ಲಿ ಒಂದು ಪಾಲಿಗಿಂತ ಕಡಿಮೆ. ಉಳಿದ ಐದು ಪಾಲು ಎಲ್ಲಿ ಹೋಯಿತು? ಪಟ್ಟಿಯ ಮೇಲ್ತುದಿಯಲ್ಲಿ 'ಕುಟುಂಬದ ಸಮಸ್ಯೆ' ಎಂಬ, ಯಾವ ಮನೆಗೂ ಒಪ್ಪುವ ದೊಡ್ಡ ಗೋಣಿಚೀಲವಿದೆ, ಶೇ 31.7 ಸಾವುಗಳು ಅದರೊಳಗೆ. ವಿದ್ಯಾರ್ಥಿಗಳ ಸಂಖ್ಯೆ 2013ರಲ್ಲಿ 8,423 ಇದ್ದದ್ದು 2023ಕ್ಕೆ 13,892 ಆಯಿತು. ಇದು ಠಾಣೆಗೆ ಬಂದ ಲೆಕ್ಕ ಮಾತ್ರ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2012ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿದ ಮಾಹಿತಿಯ ಮೇಲೆ ನಿಂತದ್ದು. 2010ರಲ್ಲಿ ಸುಮಾರು 1,87,000 ಆತ್ಮಹತ್ಯೆಗಳಾದವು ಎಂದು ಅದು ಅಂದಾಜಿಸಿತು. ಆ ವರ್ಷದ ಸರ್ಕಾರಿ ಲೆಕ್ಕ 1,35,000ದ ಆಸುಪಾಸು. ಹೀಗೆ ತೀರಿಕೊಂಡ ಗಂಡಸರಲ್ಲಿ ಶೇ 40, ಹೆಂಗಸರಲ್ಲಿ ಶೇ 56 ಮಂದಿ 15ರಿಂದ 29ರ ವಯಸ್ಸಿನವರು. ಅದೇ ಅಧ್ಯಯನದ ಇನ್ನೊಂದು ಮಾತು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಓದದವರಿಗಿಂತ ಪ್ರೌಢಶಾಲೆ ದಾಟಿ ಓದಿದವರಲ್ಲಿ ಅಪಾಯ ಹೆಚ್ಚಿತ್ತು. ಓದು ಮೇಲೆತ್ತುವ ಏಣಿ ಎಂದೇ ನಂಬಿದ ಸೀಮೆ ನಮ್ಮದು. ಹತ್ತುವವನ ಬೆನ್ನ ಮೇಲೆ ಏನೇನು ಹೇರಿದ್ದೇವೆ ಎಂದು ಕೇಳಿಕೊಂಡದ್ದು ಕಡಿಮೆ.

ಈ ಹೇರಿಕೆಯ ಬಗ್ಗೆ ಮನೋವಿಜ್ಞಾನ ಐವತ್ತು ವರ್ಷಗಳಿಂದ ಹುಡುಕಾಡಿದೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಯುವ ಯೋಚನೆ ಬಂದು ಆಸ್ಪತ್ರೆ ಸೇರಿದ್ದ 207 ಜನರನ್ನು ಐದರಿಂದ ಹತ್ತು ವರ್ಷ ಗಮನಿಸಿದ್ದರು. ಮುಂದಿನ ಅಪಾಯವನ್ನು ಸೂಚಿಸುವುದರಲ್ಲಿ ಖಿನ್ನತೆ ಎಷ್ಟಿದೆ ಎಂಬುದಕ್ಕಿಂತ ಹತಾಶೆ ಎಷ್ಟಿದೆ ಎಂಬುದೇ ಮುಂದಿತ್ತು. ದುಃಖವೇ ಬೇರೆ, 'ಇನ್ನು ಮುಂದೆ ಏನೂ ಸರಿಹೋಗುವುದಿಲ್ಲ' ಎಂಬ ತೀರ್ಮಾನವೇ ಬೇರೆ. ಎಡ್ವಿನ್ ಶ್ನೈಡ್‌ಮನ್ ಇದನ್ನು ತಾಳಲಾಗದ ಮನೋವೇದನೆ ಎಂದು ಕರೆದರು. ಅವರ ಪ್ರಕಾರ ಆ ಹೊತ್ತಿನಲ್ಲಿ ಮನಸ್ಸು ಬಯಸುವುದು ಸಾವನ್ನಲ್ಲ, ನೋವು ನಿಲ್ಲುವುದನ್ನು. ನೋಟ ಎಷ್ಟು ಇಕ್ಕಟ್ಟಾಗಿರುತ್ತದೆಂದರೆ ನೋವು ನಿಲ್ಲಿಸುವ ಬೇರೆ ಹತ್ತು ದಾರಿಗಳು ಇದ್ದರೂ ಕಾಣುವುದಿಲ್ಲ. ಗ್ಲಾಸ್ಗೊದ ರೋರಿ ಒಕಾನರ್ ಸೋಲಿನ ಭಾವ, ಸಿಕ್ಕಿಬಿದ್ದ ಭಾವ ಎಂಬ ಎರಡು ಮಾತುಗಳಿಂದ ಇದನ್ನು ಬಿಡಿಸಿದರು. ಸೋತವರೆಲ್ಲ ಸಾಯುವುದಿಲ್ಲ, ಸೋತು, ಹೊರಹೋಗುವ ಬಾಗಿಲೇ ಇಲ್ಲ ಎನಿಸಿದವರಿಗೆ ಅಪಾಯ. ಥಾಮಸ್ ಜಾಯ್ನರ್ 2005ರಲ್ಲಿ ಮುಂದಿಟ್ಟ ಸಿದ್ಧಾಂತ ಇನ್ನೂ ನೇರ. ಎರಡು ಭಾವನೆಗಳು ಒಟ್ಟಿಗೆ ಸೇರಿ ಬಹಳ ಕಾಲ ನಿಂತಾಗ ಬದುಕುವ ಆಸೆ ಬತ್ತುತ್ತದೆ: 'ನಾನು ಯಾರಿಗೂ ಸೇರಿದವನಲ್ಲ' ಎಂಬುದೊಂದು, 'ನಾನು ನನ್ನವರಿಗೆ ಹೊರೆ' ಎಂಬುದು ಇನ್ನೊಂದು. ಎರಡನೆಯದರಲ್ಲಿ ಒಂದು ಭಯಂಕರ ಲೆಕ್ಕವಿದೆ. ನಾನಿರುವುದಕ್ಕಿಂತ ಇಲ್ಲದಿರುವುದೇ ಮನೆಯವರಿಗೆ ಲಾಭ ಎಂಬ ಲೆಕ್ಕ ಅದು. ಹೊರಗಿನಿಂದ ನೋಡುವವರಿಗೆಲ್ಲ ಅದು ತಪ್ಪೆಂದು ಗೊತ್ತು. ಮಕ್ಕಳನ್ನು ಕಳೆದುಕೊಂಡ ಯಾವ ಮನೆಯೂ ಹಗುರಾದದ್ದಿಲ್ಲ. ಹೊಲ, ಮನೆ, ಬಂಗಾರ ಎಲ್ಲ ಕೊಟ್ಟು ಒಂದು ದಿನ ಮರಳಿ ಪಡೆಯುತ್ತಿದ್ದೆವು ಎಂದು ಹಲುಬುವ ತಂದೆ ತಾಯಿಯರೇ ಊರೂರಿನಲ್ಲಿ ಇದ್ದಾರೆ. ಆದರೆ ಲೆಕ್ಕ ಹಾಕುತ್ತಿರುವ ಮನಸ್ಸು ಒಳಗಿದೆ. ಅಲ್ಲಿ ಅದನ್ನು ತಿದ್ದುವವರಿಲ್ಲ.

ಈ 'ಹೊರೆ' ಎಂಬ ಪದಕ್ಕೆ ನಮ್ಮ ಐದು ತಾಲ್ಲೂಕುಗಳಲ್ಲಿ ಒಂದು ವಿಳಾಸವಿದೆ. ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರು ಕುಡಿದ ಕಬ್ಬಿನ ನಾಡಿದು. ವರ್ಷವಿಡೀ ಬೆಳೆಸಿ, ಕಡಿದು, ಕಾರ್ಖಾನೆಗೆ ಕಳಿಸಿ, ಬಿಲ್ಲಿಗೆ ಕಾಯುವ ಬದುಕು ಇಲ್ಲಿನದು. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಸಂದಾಯವಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಯ ಕೂಗು ಮಾತ್ರ ಹಂಗಾಮಿನಿಂದ ಹಂಗಾಮಿಗೆ ನಿಂತಿಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ಕೂತಾಗ ಈ ಭಾಗದ ಮನೆಗಳಲ್ಲಿ ಚರ್ಚೆಯಾದದ್ದು ಬರೀ ದರವಲ್ಲ. ಕಾಲೇಜಿನ ಫೀಸು, ಹಾಸ್ಟೆಲ್ಲಿನ ಕಂತು ಎಲ್ಲವೂ ಅದೇ ಬಿಲ್ಲಿನ ಮೇಲೆ ನಿಂತಿರುತ್ತವೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರ ಲೆಕ್ಕ ಸಾವಿರಕ್ಕಿಷ್ಟು ಎಂಬ ಕೂಲಿಯದು. ಅಥಣಿಯ ಚಪ್ಪಲಿ ಕುಶಲಕರ್ಮಿಗಳ ಮನೆಯಲ್ಲಿ ಜೋಡಿಗಿಷ್ಟು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತು ಬೆಳಗಾವಿ ಜಿಲ್ಲೆಗೂ ಸೇರಿದ್ದು, ಅದರಿಂದ ಮನೆಯ ಲೆಕ್ಕ ಬದಲಾದದ್ದು ಕಡಿಮೆ. ಸಾಲದ್ದಕ್ಕೆ 2005, 2019, 2021ರ ಮಹಾಪೂರಗಳು. ನದಿದಂಡೆಯ ಊರುಗಳಲ್ಲಿ ಹೊಳೆ ಒಳಗೆ ಬಂದು ಹೋದ ಮೇಲೆ ಹೊಸದಾಗಿ ಶುರುವಾದ ಸಾಲಗಳನ್ನು ತೀರಿಸುವ ಹೊಣೆ, ಆಗ ಶಾಲೆಯಲ್ಲಿದ್ದು ಈಗ ಡಿಗ್ರಿ ಓದುತ್ತಿರುವ ಮಗನ ಹೆಸರಿಗೆ ಮನಸ್ಸಿನಲ್ಲೇ ವರ್ಗಾವಣೆಯಾಗಿರುತ್ತದೆ.

ಇಂಥ ಮನೆಗಳಲ್ಲಿ ಪ್ರೀತಿ ಮಾತಾಡುವ ಭಾಷೆಯೂ ಸಾಲದ್ದೇ. 'ನಿನ್ನ ಸಲುವಾಗಿ ಹೊಲಾ ಒತ್ತಿ ಹಾಕೇವಿ', 'ನಿಮ್ಮವ್ವ ಬಂಗಾರ ಇಟ್ಟಾಳ', 'ಒಮ್ಮೆ ನಿನಗ ನೌಕರಿ ಹತ್ತಿತಂದ್ರ ಮುಗೀತು'. ಇವು ಬೈಗುಳಲ್ಲ, ಜುಲುಮೆಯೂ ಅಲ್ಲ. ಹೆತ್ತವರು ತಮ್ಮ ಅಕ್ಕರೆಯನ್ನು ಹೇಳಿಕೊಳ್ಳಲು ಇರುವ ಒಂದೇ ನುಡಿಗಟ್ಟು ಅದು. ಸ್ಪರ್ಧೆಯಲ್ಲಿ ಗೆಲ್ಲುತ್ತಿರುವ ಮಗುವಿಗೆ ಅದು ಹುರುಪು ಕೊಡುತ್ತದೆ. ಸೋಲುತ್ತಿರುವ ಮಗುವಿಗೆ ಅದೇ ಮಾತು ಖಾತೆಪುಸ್ತಕದ ಬಾಕಿಯಾಗಿ ಕೇಳಿಸುತ್ತದೆ. ಮನೋವಿಜ್ಞಾನಿಗಳಾದ ಪಾಲ್ ಹ್ಯೂವಿಟ್ ಮತ್ತು ಗಾರ್ಡನ್ ಫ್ಲೆಟ್ ಪರಿಪೂರ್ಣತೆಯ ಹಂಬಲವನ್ನು ಬಿಡಿಸಿ ನೋಡಿ, ತಾನೇ ತನ್ನ ಮೇಲೆ ಹಾಕಿಕೊಂಡ ಗುರಿಗಿಂತ 'ಇತರರು ನನ್ನಿಂದ ಇದನ್ನು ಬಯಸುತ್ತಾರೆ, ಕಡಿಮೆಯಾದರೆ ನಾನು ಅವರಿಗೆ ಬೇಡವಾಗುತ್ತೇನೆ' ಎಂಬ ನಂಬಿಕೆಯೇ ಹತಾಶೆಗೆ ಹತ್ತಿರ ಎಂದು ತೋರಿಸಿದ್ದಾರೆ. ನನ್ನ ವಾದ ಇಷ್ಟೇ. ಈ ಭಾಗದ ಕಾಲೇಜು ಮಕ್ಕಳ ಅಪಾಯವನ್ನು ಅಳೆಯಬೇಕಾದರೆ ಅಂಕಪಟ್ಟಿಗಿಂತ ಮೊದಲು ನೋಡಬೇಕಾದದ್ದು ಈ ಒಳಗಿನ ಖಾತೆಪುಸ್ತಕವನ್ನು. ಫೇಲಾದದ್ದು, ಜಗಳವಾದದ್ದು, ಹುಡುಗಿ ಮಾತು ಬಿಟ್ಟದ್ದು ಎಲ್ಲ ಆ ಪುಸ್ತಕದ ಕೊನೆಯ ನಮೂದು ಮಾತ್ರ. ನಾವು ಕೊನೆಯ ನಮೂದನ್ನೇ ಕಾರಣವೆಂದು ಪತ್ರಿಕೆಯಲ್ಲಿ ಹಾಕುತ್ತೇವೆ.

ಹೆಣ್ಣುಮಕ್ಕಳ ಪುಸ್ತಕ ಬೇರೆ ತರದ್ದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಬಸ್ಸು ಬಂದ ಮೇಲೆ ರಾಯಬಾಗದ, ಅಥಣಿಯ ಹಳ್ಳಿಗಳಿಂದ ಕಾಲೇಜಿಗೆ ಬರುವ ಹುಡುಗಿಯರಿಗೆ ದಾರಿ ಖರ್ಚಿನ ಮಾತು ಕೇಳುವುದು ತಪ್ಪಿತು. ತಪ್ಪದಿರುವುದು ಮದುವೆಯ ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, 20ರಿಂದ 24ರ ವಯಸ್ಸಿನ ಕರ್ನಾಟಕದ ಮಹಿಳೆಯರಲ್ಲಿ ಶೇ 21.3 ಮಂದಿ ಹದಿನೆಂಟು ತುಂಬುವ ಮುನ್ನವೇ ಮದುವೆಯಾದವರು; ಬೆಳಗಾವಿ ಬಾಲ್ಯವಿವಾಹಗಳ ಚರ್ಚೆಯಲ್ಲಿ ಹೆಸರು ತಪ್ಪದ ಜಿಲ್ಲೆ. ಹುಡುಗನಿಗೆ ಫೇಲಾಗುವುದು ಒಂದು ವರ್ಷದ ನಷ್ಟ. ಹುಡುಗಿಗೆ ಅದು ಕಾಲೇಜಿನ ಬಾಗಿಲೇ ಮುಚ್ಚುವ ನೆವ, 'ಸಾಲಿ ಸಾಕು' ಎಂಬ ತೀರ್ಪು. ಹಾಗಾಗಿ ಅವಳ ವಿಷಯದಲ್ಲಿ ಸಿಕ್ಕಿಬಿದ್ದ ಭಾವ ಎಂಬುದು ಭ್ರಮೆಯೂ ಅಲ್ಲ. ಅರ್ಧ ಬಾಗಿಲು ನಿಜವಾಗಿಯೂ ಮುಚ್ಚುತ್ತಿದೆ. ಯಾರೊಡನೆಯೋ ಮಾತಾಡಿದಳೆಂಬ ಸುದ್ದಿ, ಒಂದು ಫೋಟೊ, ಒಂದು ವಾಟ್ಸ್ಆ್ಯಪ್ ಸಂದೇಶ ಸಾಕು. 'ಮಂದಿ ಏನಂದಾರು' ಎಂಬ ಆರು ಅಕ್ಷರದ ಅಂಜಿಕೆ ಅವಳನ್ನು ಮನೆಯ ಮರ್ಯಾದೆಗೆ ಕಂಟಕವಾಗಿ ನಿಲ್ಲಿಸುತ್ತದೆ. ಠಾಣೆಯ ಪುಸ್ತಕದಲ್ಲಿ 'ಪ್ರೇಮ ಪ್ರಕರಣ' ಎಂದು ದಾಖಲಾಗುವುದರ ಒಳಗೆ ಬಹುಪಾಲು ಇರುವುದು ಪ್ರೇಮವಲ್ಲ, ನಾಚಿಕೆ.

ಇನ್ನು 'ಸೇರಿದವನಲ್ಲ' ಎಂಬ ಭಾವ. ಗಡಿಯ ಈ ತಾಲ್ಲೂಕುಗಳಲ್ಲಿ ಅದಕ್ಕೆ ಒಂದು ವಿಶೇಷ ಗೊಬ್ಬರವಿದೆ, ಭಾಷೆಯದು. ಹತ್ತನೇ ತರಗತಿಯವರೆಗೆ ಕನ್ನಡದಲ್ಲೋ ಮರಾಠಿಯಲ್ಲೋ ಓದಿ ತೊಂಬತ್ತರ ಮೇಲೆ ಅಂಕ ಪಡೆದ ಹುಡುಗ ಪಿಯುಸಿ ವಿಜ್ಞಾನಕ್ಕೆ ಕಾಲಿಟ್ಟ ದಿನ ಇಂಗ್ಲಿಷಿನ ಎದುರು ಮೂಕನಾಗುತ್ತಾನೆ. ನಿನ್ನೆಯ ಜಾಣ ಇಂದು ಹಿಂದಿನ ಬೆಂಚಿನವ. ಬುದ್ಧಿ ಕಡಿಮೆಯಾದದ್ದಲ್ಲ, ಮಾಧ್ಯಮ ಬದಲಾದದ್ದು ಎಂದು ಅವನಿಗೆ ಯಾರೂ ಹೇಳುವುದಿಲ್ಲ. ತನ್ನದೇ ದೋಷವೆಂದು ಅವನು ನಂಬುತ್ತಾನೆ. ನಿಪ್ಪಾಣಿಯ ಹುಡುಗರಿಗೆ ಮಗ್ಗುಲಲ್ಲೇ ಅರ್ಜುನನಗರದ ದೇವಚಂದ್ ಕಾಲೇಜಿದೆ. ಅದು ಮಹಾರಾಷ್ಟ್ರದ ಕಾಗಲ್ ತಾಲ್ಲೂಕಿನಲ್ಲಿದ್ದು, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಈಚೆಯ ಕಾಲೇಜುಗಳು 2010ರಲ್ಲಿ ಹುಟ್ಟಿದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ. ಅರ್ಧ ಕಿಲೋಮೀಟರಿಗೆ ವಿಶ್ವವಿದ್ಯಾಲಯ, ವಿದ್ಯಾರ್ಥಿವೇತನದ ನಿಯಮ, ನೌಕರಿಯ ಅರ್ಹತೆ ಎಲ್ಲ ಬದಲಾಗುವ ಸೀಮೆಯಲ್ಲಿ 'ನಾನು ಎಲ್ಲಿಯವ' ಎಂಬ ಪ್ರಶ್ನೆ ಸುಲಭದ್ದಲ್ಲ. ಅದರ ಮೇಲೆ ಶ್ರೇಯಾಂಕದ ಗೀಳು. ಕಂದಾಯದಲ್ಲಿ ತಾಲ್ಲೂಕೇ ಆದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಚಿಕ್ಕೋಡಿ ಒಂದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. 2018ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ, ಉತ್ತರ ಕನ್ನಡದ ನಂತರ ಮೂರನೆಯ ಸ್ಥಾನ ಅದರದ್ದು. ಹೆಮ್ಮೆ ಪಡಬೇಕಾದದ್ದೇ. ಆದರೆ ಊರಿಗೆ ಊರೇ ಸ್ಥಾನದ ಲೆಕ್ಕದಲ್ಲಿ ಮಾತಾಡತೊಡಗಿ, ಬಸ್ ಸ್ಟ್ಯಾಂಡಿನೆದುರು ಅಂಕ ಪಡೆದವರ ಮುಖಗಳ ಫ್ಲೆಕ್ಸು ಏರಿದಾಗ, ಅದರ ಕೆಳಗೆ ಬಸ್ಸಿಗೆ ಕಾಯುವ ನಲವತ್ತು ಅಂಕದ ಮಗುವಿಗೆ ತನ್ನ ಜಾಗ ಯಾವುದೆಂದು ದಿನವೂ ನೆನಪಾಗುತ್ತದೆ.

ಈ ಮಾತಿಗೆ ಆಕ್ಷೇಪಗಳಿವೆ, ಕೆಲವು ಗಟ್ಟಿಯಾದವು. ಮೊದಲನೆಯದು ಎಡಗಡೆಯಿಂದ ಬರುತ್ತದೆ. ಬಡತನ, ನಿರುದ್ಯೋಗ, ಕಬ್ಬಿನ ಬಾಕಿ ಎಲ್ಲ ಎದುರಿಗಿರುವಾಗ ಮನಸ್ಸಿನ ಮಾತಾಡುವುದು ವ್ಯವಸ್ಥೆಯ ತಪ್ಪನ್ನು ಮಕ್ಕಳ ತಲೆಗೆ ಕಟ್ಟಿದಂತಲ್ಲವೇ ಎಂದು. 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆಯಾಗಿ, ಅಕ್ರಮ ಬಯಲಾಗಿ, 2022ರಲ್ಲಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವನ ಬದುಕಿನ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಅವನ ತಪ್ಪಿಲ್ಲದೆ ಹೋಯಿತು. ಅಲ್ಲಿ ಮುಚ್ಚಿದ ಬಾಗಿಲು ಮನಸ್ಸಿನೊಳಗಿನದಲ್ಲ, ವಿಧಾನಸೌಧದ್ದು. ಆಕ್ಷೇಪದ ಈ ಅರ್ಧ ಪೂರ್ತಿ ನಿಜ. ಆದರೆ ಒಂದೇ ಊರಿನ, ಒಂದೇ ಸಾಲದ, ಒಂದೇ ಫಲಿತಾಂಶದ ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿ ಹೇಗೋ ದಾಟುತ್ತಾರಲ್ಲ. ಹೊರಗಿನ ಕಷ್ಟ ಯಾರಲ್ಲಿ 'ನಾನೇ ಹೊರೆ' ಎಂಬ ರೂಪ ತಾಳುತ್ತದೆ ಎಂಬ ಪ್ರಶ್ನೆಗೆ ಕಬ್ಬಿನ ದರ ಉತ್ತರ ಕೊಡುವುದಿಲ್ಲ. ಅಷ್ಟಲ್ಲದೆ ಸಾಲ ವ್ಯವಸ್ಥೆಯ ತಪ್ಪು ಎಂದು ಮಗುವಿಗೆ ಅರಿವಾಗುವುದೇ ಒಂದು ರಕ್ಷಣೆ. ಹಾಗೆ ಅರಿವಾದವನು ಗುರ್ಲಾಪುರದಲ್ಲಿ ಕೂತವರ ಜೊತೆ ಕೂರುತ್ತಾನೆ, ಸಿಟ್ಟು ಮಾಡುತ್ತಾನೆ, ನಾಲ್ಕು ಜನರಿಗೆ ಸೇರಿದವನಾಗುತ್ತಾನೆ. ಅರಿವಾಗದವನು ಬಾಕಿಯನ್ನು ತನ್ನ ಹೆಸರಿಗೆ ಬರೆದುಕೊಳ್ಳುತ್ತಾನೆ.

ಎರಡನೆಯ ಆಕ್ಷೇಪ ಕಟ್ಟೆಯ ಮೇಲೆ ಕೂತವರದ್ದು. ನಮ್ಮ ಕಾಲದಲ್ಲಿ ಇದಕ್ಕಿಂತ ಬಡತನವಿತ್ತು, ಮೈಲಿಗಟ್ಟಲೆ ನಡೆದು ಕಲಿತೆವು, ಯಾರೂ ಹೀಗೆ ಮಾಡಿಕೊಳ್ಳಲಿಲ್ಲ, ಈಗಿನವು ಮೆತ್ತಗಿನ ಹುಡುಗರು. ಹಿಂದೆ ಯಾರೂ ಮಾಡಿಕೊಳ್ಳಲಿಲ್ಲ ಎಂಬುದು ನೆನಪಿನ ಮಾತು, ಲೆಕ್ಕದ್ದಲ್ಲ. ಆಗ ಮನೆತನಗಳು ಮುಚ್ಚಿಟ್ಟ ಸಾವುಗಳನ್ನು ಯಾರು ಎಣಿಸಿದ್ದಾರೆ? ಅದಕ್ಕಿಂತ ಮುಖ್ಯವಾಗಿ, ಆಗ ಫೇಲಾದ ಹುಡುಗ ನಾಲ್ಕು ಎಮ್ಮೆಯ ಹಿಂದೆ ಹೋದರೆ ಊರಲ್ಲಿ ಅವನಂಥವರು ನೂರು ಜನ ಇದ್ದರು, ಅವನ ಹೆಸರಿನಲ್ಲಿ ಬ್ಯಾಂಕಿನ ಸಾಲವಿರಲಿಲ್ಲ, ಪಾಸಾದವರ ಫ್ಲೆಕ್ಸೂ ಇರಲಿಲ್ಲ. ಬಡತನ ಎಲ್ಲರದೂ ಆಗಿದ್ದಾಗ ಅದು ಅವಮಾನವಾಗಿರಲಿಲ್ಲ. ಸಮಾಜಶಾಸ್ತ್ರಜ್ಞ ಎಮಿಲ್ ದುರ್ಖೈಮ್ 1897ರಲ್ಲೇ ಹೇಳಿದ್ದು ಇದಕ್ಕೆ ಹತ್ತಿರದ್ದು: ಬಡತನ ತಾನಾಗಿ ಜನರನ್ನು ಸಾವಿಗೆ ತಳ್ಳುವುದಿಲ್ಲ, ಬಯಕೆಗೂ ಕೈಗೆಟಕುವುದಕ್ಕೂ ನಡುವಿನ ನಂಟು ಮುರಿದಾಗ, ಜನರ ನಡುವಿನ ಕಟ್ಟು ಸಡಿಲಾದಾಗ ತಳ್ಳುತ್ತದೆ. ಈಗಿನ ಮಕ್ಕಳು ಮೆತ್ತಗಾಗಿಲ್ಲ. ಒಂದೇ ತಲೆಮಾರಿನಲ್ಲಿ ಮೂರು ತಲೆಮಾರಿನ ದಾರಿ ಓಡುತ್ತಿದ್ದಾರೆ.

ಬಾಯಿಬಿಟ್ಟು ಕೇಳಿದರೆ ಇಲ್ಲದ ವಿಚಾರವನ್ನು ತಲೆಯಲ್ಲಿ ಹಾಕಿದ ಹಾಗಾಗುತ್ತದೆ ಎಂಬುದು ಮೂರನೆಯದು. ಉಪನ್ಯಾಸಕರಲ್ಲಿ, ತಾಯಂದಿರಲ್ಲಿ ಇದು ಬಹಳ ಪ್ರಬಲ. ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಮ್ಯಾಡೆಲಿನ್ ಗೌಲ್ಡ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳಲ್ಲಿ ಅರ್ಧ ಜನರಿಗೆ ಆತ್ಮಹತ್ಯೆಯ ಬಗ್ಗೆ ನೇರ ಪ್ರಶ್ನೆ ಕೇಳಿದರು, ಉಳಿದರ್ಧಕ್ಕೆ ಕೇಳಲಿಲ್ಲ. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕೇಳಿಸಿಕೊಂಡವರ ಸಂಕಟ ಹೆಚ್ಚಿರಲಿಲ್ಲ. ಮೊದಲೇ ನೊಂದಿದ್ದ ಮಕ್ಕಳಲ್ಲಿ ಕೊಂಚ ಇಳಿದಿತ್ತು. 'ನಾನಿಲ್ಲಾಂದ್ರ ನಿಮಗೆಲ್ಲ ಆರಾಮ' ಎಂದು ನಗುತ್ತ ಅಂದ ಮಾತು, ನಿದ್ದೆಗೆಟ್ಟ ಕಣ್ಣು, ವಾರಗಟ್ಟಲೆ ಕಾಲೇಜಿಗೆ ಬಾರದಿರುವುದು, ಗೆಳೆಯರ ಗುಂಪು ಬಿಟ್ಟು ಹೋಗುವುದು, ಕಾರಣವಿಲ್ಲದೆ ಕ್ಷಮೆ ಕೇಳುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಹೊಸದಾಗಿ ಹತ್ತಿದ ಕುಡಿತ, ಹಿಂದೊಮ್ಮೆ ಪ್ರಯತ್ನಿಸಿ ಉಳಿದದ್ದು ಇವು ಕಂಡಲ್ಲಿ ಸುತ್ತುಬಳಸದೆ 'ಸಾಯೋ ವಿಚಾರ ಬರ್ತಾವೇನು?' ಎಂದು ಕೇಳಬಹುದು. ಕೇಳಿದ ಮೇಲೆ ಬುದ್ಧಿವಾದ ಹೇಳದೆ ಕೂತು ಕೇಳಿಸಿಕೊಳ್ಳಬೇಕು, ಒಬ್ಬರನ್ನೇ ಬಿಡಬಾರದು. ಉತ್ತರ ಕರ್ನಾಟಕದ ಮಂದಿಗೆ ಮುಖಕ್ಕೆ ಹೊಡೆದಂತೆ ಮಾತಾಡುವ ಖ್ಯಾತಿಯಿದೆ. ಈ ಒಂದು ವಿಷಯದಲ್ಲಿ ಮಾತ್ರ ನಾವು ಎಲ್ಲಿಲ್ಲದ ನಯಸ್ಥರು.

ನಾಲ್ಕನೆಯ ಆಕ್ಷೇಪ ವಿಜ್ಞಾನದ ಒಳಗಿನದೇ, ಅದಕ್ಕೇ ಹೆಚ್ಚು ಗಂಭೀರ. ಜೋಸೆಫ್ ಫ್ರ್ಯಾಂಕ್ಲಿನ್ ಮತ್ತು ಸಂಗಡಿಗರು ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ಹೇಳಿದ್ದು ಇದು: ಹತಾಶೆ, ಖಿನ್ನತೆ, ಹಿಂದಿನ ಪ್ರಯತ್ನ ಯಾವುದನ್ನೇ ತೆಗೆದುಕೊಳ್ಳಿ, ಒಂದೊಂದಾಗಿ ಹಿಡಿದು ಯಾರು ಮುಂದೆ ಜೀವಕ್ಕೆ ಅಪಾಯ ಮಾಡಿಕೊಳ್ಳುತ್ತಾರೆ ಎಂದು ಊಹಿಸಿದರೆ ಅದು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪವೇ ಮೇಲು. ಹಾಗಿದ್ದರೆ ಇಷ್ಟೆಲ್ಲ ಮನೋವಿಜ್ಞಾನ ಯಾಕೆ? ಈ ಫಲಿತಾಂಶ ನನ್ನ ವಾದವನ್ನು ಕೆಡವುವ ಬದಲು ಅದರ ದಿಕ್ಕನ್ನು ನೆಟ್ಟಗೆ ಮಾಡುತ್ತದೆ. ಸಾವಿರ ಮಕ್ಕಳ ಕಾಲೇಜಿನಲ್ಲಿ 'ಅಪಾಯದ ಹತ್ತು ಮಂದಿ'ಯನ್ನು ಸೋಸಿ ತೆಗೆಯುವ ಕೆಲಸ ಆಗದು; ಸೋಸಲು ಹೋದರೆ ಆ ಹತ್ತು ಮಂದಿಗೆ ಹಣೆಪಟ್ಟಿ ಅಂಟುತ್ತದೆ, ಹನ್ನೊಂದನೆಯವ ತಪ್ಪಿಹೋಗುತ್ತಾನೆ. ಮಾಡಬೇಕಾದದ್ದು ಸಾವಿರ ಮಕ್ಕಳಿಗೂ ಬಾಗಿಲು ಅಗಲ ಮಾಡುವುದು. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ 11,110 ಹದಿಹರೆಯದವರ ಮೇಲೆ ನಡೆದ ಪ್ರಯೋಗದ ಫಲಿತಾಂಶವನ್ನು ಡಾನುಟಾ ವಾಸ್ಸೆರ್ಮನ್ 2015ರಲ್ಲಿ ಪ್ರಕಟಿಸಿದರು. ಶಿಕ್ಷಕರಿಗೆ ಲಕ್ಷಣ ಗುರುತಿಸುವ ತರಬೇತಿ ಕೊಟ್ಟ ಗುಂಪು, ತಜ್ಞರು ಸೋಸಿ ನೋಡಿದ ಗುಂಪು, ಮಕ್ಕಳಿಗೇ ನೇರವಾಗಿ ಕಲಿಸಿದ ಗುಂಪು ಹೀಗೆ ಹೋಲಿಸಿದರು. ಸ್ಪಷ್ಟ ಫಲ ಕೊಟ್ಟದ್ದು ಮೂರನೆಯದು ಮಾತ್ರ. ಒತ್ತಡ, ಬಿಕ್ಕಟ್ಟು, ಗೆಳೆಯನಿಗೆ ಆಸರೆಯಾಗುವ ಬಗೆ ಇವನ್ನು ಮಕ್ಕಳು ನಾಟಕದಂತೆ ಆಡಿ ಚರ್ಚಿಸಿದ ಶಾಲೆಗಳಲ್ಲಿ ವರ್ಷದೊಳಗಿನ ಹೊಸ ಪ್ರಯತ್ನಗಳು ಶೇ 0.70, ಹೋಲಿಕೆಯ ಗುಂಪಿನಲ್ಲಿ ಶೇ 1.51. ಆ ಮಕ್ಕಳು ನಮ್ಮವರಿಗಿಂತ ಚಿಕ್ಕವರು, ಅವರ ನಾಡು ಬೇರೆ. ಆದರೂ ಸಣ್ಣಾಟ, ಪಾರಿಜಾತಗಳನ್ನು ರಾತ್ರಿಯಿಡೀ ಆಡಿ ನೋಡಿದ ಸೀಮೆಗೆ ಆಡಿ ಕಲಿಯುವುದು ಹೊಸದೇನಲ್ಲ.

ಬಾಗಿಲು ಅಗಲವಾಗುವುದು ಆಡಳಿತದ ಒಂದು ಆದೇಶದಿಂದಲೂ ಸಾಧ್ಯ. 2024ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ತಂದಿತು. 'ಪೂರಕ ಪರೀಕ್ಷೆ' ಎಂಬ ಕಳಂಕದ ಹೆಸರು ಹೋಗಿ ಪರೀಕ್ಷೆ 1, 2, 3 ಎಂದಾಯಿತು, ಮೂರರಲ್ಲಿ ಉತ್ತಮ ಅಂಕವನ್ನೇ ಉಳಿಸಿಕೊಳ್ಳುವ ಅವಕಾಶ ಬಂತು. ಗುಣಮಟ್ಟ ಕುಸಿಯುತ್ತದೆ, ಶಿಕ್ಷಕರಿಗೆ ಬೇಸಿಗೆಯೇ ಇಲ್ಲವಾಯಿತು ಎಂಬ ಗೊಣಗಾಟದ ನಡುವೆ ಅದರ ಮನೋವೈಜ್ಞಾನಿಕ ಬೆಲೆ ಚರ್ಚೆಗೇ ಬರಲಿಲ್ಲ. 'ಇನ್ನು ಒಂದು ವರ್ಷ' ಎಂಬುದಕ್ಕೂ 'ಇನ್ನು ಆರು ವಾರ' ಎಂಬುದಕ್ಕೂ ಹತಾಶೆಯ ಅಳತೆಯಲ್ಲಿ ಇರುವ ದೂರ ಬಹಳ. ಚೆನ್ನೈನಲ್ಲಿ 1986ರಿಂದ 'ಸ್ನೇಹಾ' ಸಂಸ್ಥೆ ನಡೆಸುತ್ತ ಬಂದ ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್, ಅನುತ್ತೀರ್ಣರಿಗೆ ತಡವಿಲ್ಲದೆ ಮರುಪರೀಕ್ಷೆ ಬೇಕೆಂದು ಬಹಳ ಹಿಂದೆಯೇ ಹೋರಾಡಿದ್ದು ಈ ಕಾರಣಕ್ಕೇ.

ಉಳಿದದ್ದು, ಇಲ್ಲಿ ಮಾಡುವವರು ಯಾರು ಎಂಬ ವ್ಯಾವಹಾರಿಕ ಪ್ರಶ್ನೆ. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಸಾಮಾನ್ಯ ಮಾನಸಿಕ ಕಾಯಿಲೆಗಳಿರುವವರಲ್ಲಿ ಶೇ 85 ಮಂದಿ ಚಿಕಿತ್ಸೆಯ ಹೊರಗಿದ್ದಾರೆ ಎಂದಿತು. ಈ ಭಾಗದವರಿಗೆ ದೊಡ್ಡ ಮಾನಸಿಕ ಆಸ್ಪತ್ರೆ ಎಂದರೆ ಧಾರವಾಡ. 1845ರಲ್ಲಿ ಶುರುವಾದ, ಇಂದು ಡಿಮ್ಹಾನ್ಸ್ ಆಗಿರುವ ಸಂಸ್ಥೆ. ಆದರೆ 'ಅವನ್ನ ಧಾರವಾಡಕ್ಕ ಕಳಸಬೇಕ' ಎಂಬುದು ಇಲ್ಲಿ ಇವತ್ತಿಗೂ ಹುಚ್ಚ ಎನ್ನಲು ಬಳಸುವ ಕುಚೋದ್ಯ. ಒಂದೂರಿನ ಹೆಸರೇ ಬೈಗುಳಾಗಿರುವಲ್ಲಿ ಮಗನನ್ನು ಅಲ್ಲಿಗೆ ಕರೆದೊಯ್ಯಲು ಅಪ್ಪನಿಗೆ ಎರಡು ಬಸ್ಸಿನ ಖರ್ಚಿಗಿಂತ ಹೆಚ್ಚಿನದು ಬೇಕು. ಎದೆನೋವಿಗೆ, ಹೆರಿಗೆಗೆ ಗಡಿ ದಾಟಿ ಮಿರಜಿನ ದವಾಖಾನೆಗಳಿಗೆ ಅಂಜಿಕೆಯಿಲ್ಲದೆ ಹೋಗುವ ಕಾಗವಾಡ, ಅಥಣಿಯವರು ಮನಸ್ಸಿನ ಚಿಕಿತ್ಸೆಗೂ ಗಡಿ ದಾಟುವುದುಂಟು. ಅದು ಯಾರಿಗೂ ಗೊತ್ತಾಗಬಾರದೆಂದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಸರದಿಯಂತೆ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ವ್ಯವಸ್ಥೆಯಿದೆ. ಆ ಮಂಗಳವಾರ ಯಾವುದೆಂದು ಕಾಲೇಜಿನ ನೋಟಿಸ್ ಬೋರ್ಡಿಗೆ ಹತ್ತಿದರೆ ಅದಕ್ಕೆ ಖರ್ಚೇನೂ ಇಲ್ಲ. ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲರ ತಂಡ ವೈದ್ಯಕೀಯ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಖಿನ್ನತೆಯಿಂದ ತೀವ್ರವಾಗಿ ಬಳಲುತ್ತಿದ್ದ 495 ಜನರ ಮೇಲೆ ಪ್ರಯೋಗ ನಡೆಸಿ, ಆರೆಂಟು ಭೇಟಿಗಳ ಮಾತುಕತೆಯಿಂದಲೇ ಗುಣವಾಗುವವರ ಪ್ರಮಾಣ ಹೆಚ್ಚುತ್ತದೆಂದು ತೋರಿಸಿದೆ. ತಜ್ಞರಿಲ್ಲ ಎಂಬ ಮಾತು ನಿಜ. ಅದರಿಂದ ಏನೂ ಮಾಡಲಾಗದು ಎಂಬ ತೀರ್ಮಾನ ಬರುವುದಿಲ್ಲ.

ಕಾನೂನು ಕೂಡ ಈಗ ಮೊದಲಿನಂತಿಲ್ಲ. ಪ್ರಯತ್ನಿಸಿ ಬದುಕುಳಿದವರನ್ನು ಠಾಣೆಗೆ ಹೆದರಿ ಆಸ್ಪತ್ರೆಗೆ ತಡವಾಗಿ ತಂದ, ತಂದರೂ ಬೇರೇನೋ ಹೇಳಿ ಮುಚ್ಚಿಟ್ಟ ಮನೆಗಳು ಎಷ್ಟೋ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡುವುದು ಸರ್ಕಾರದ ಹೊಣೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಶಿಕ್ಷಣ ಸಂಸ್ಥೆಗಳಿಗೆ ಹದಿನೈದು ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರೊಡನೆ ನಂಟು, ಅಂಕದ ಮೇಲೆ ಮಕ್ಕಳನ್ನು ವಿಂಗಡಿಸಿ ಕೂರಿಸುವುದಕ್ಕೆ, ಎಲ್ಲರೆದುರು ಅವಮಾನಿಸುವುದಕ್ಕೆ ತಡೆ, ವರ್ಷಕ್ಕೆರಡು ಬಾರಿ ಸಿಬ್ಬಂದಿಗೆ ತರಬೇತಿ. ಸಹಾಯವಾಣಿಯ ಸಂಖ್ಯೆಯನ್ನು ತರಗತಿಯಲ್ಲಿ, ಹಾಸ್ಟೆಲಿನಲ್ಲಿ ದೊಡ್ಡಕ್ಷರದಲ್ಲಿ ಬರೆಸಬೇಕೆಂದೂ ಅದರಲ್ಲಿದೆ. ಆ ಸಂಖ್ಯೆ ಟೆಲಿ ಮಾನಸ್‌ನ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಇದಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ, ಹೆಸರು ಹೇಳಲೇಬೇಕೆಂದಿಲ್ಲ. ಕಾಗವಾಡದ ಹುಡುಗ ಕನ್ನಡದಲ್ಲಿ ಮಾತಾಡಬಹುದು, ನಿಪ್ಪಾಣಿಯ ಹುಡುಗಿ ಮರಾಠಿಯಲ್ಲಿ. ಇದನ್ನು ಓದುತ್ತಿರುವವರಿಗೇ ಅಂಥ ಯೋಚನೆ ಬರುತ್ತಿದ್ದರೆ ನಾಳೆಗೆಂದು ಕಾಯದೆ ಈಗಲೇ ಆ ಸಂಖ್ಯೆಗೆ ಅಥವಾ ಹತ್ತಿರದ ಒಬ್ಬರಿಗೆ ಹೇಳಿಬಿಡುವುದು ಒಳ್ಳೆಯದು.

ಫಲಿತಾಂಶದ ದಿನ ಕಾಲೇಜಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಜನ ಸೇರುತ್ತಾರೆ. ಮಧ್ಯಾಹ್ನದೊಳಗೆ ಹೆಚ್ಚು ಅಂಕ ಪಡೆದ ಮೂರು ಮಂದಿಯ ಮನೆಗೆ ಫೋನ್ ಹೋಗಿರುತ್ತದೆ, ಪೇಢೆ ಬಂದಿರುತ್ತದೆ, ಫೋಟೊ ಪತ್ರಿಕೆಗೆ ಹೊರಟಿರುತ್ತದೆ. ಅನುತ್ತೀರ್ಣರ ಪಟ್ಟಿಯೂ ಅದೇ ಪರದೆಯ ಮೇಲೆ, ಅದೇ ಹೊತ್ತಿಗೆ ತೆರೆದಿರುತ್ತದೆ. ಅವರ ಮನೆಯ ಮೊಬೈಲ್ ಸಂಖ್ಯೆಗಳು ಪ್ರವೇಶದ ಅರ್ಜಿಯಲ್ಲಿವೆ, ಅರ್ಜಿಗಳು ಅದೇ ಕೋಣೆಯ ಕಪಾಟಿನಲ್ಲಿವೆ.